ಮೊದಲು ಮರೆಯುವುದು ರಕ್ತ

ಡಿಸೆಂಬರ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಏಳೂವರೆ. ಸಕಲೇಶಪುರದ ಆಚೆ ಒಂದು ಕಾಫಿ ತೋಟದ ಕಣದಲ್ಲಿ ನಲವತ್ತು ಚಿಲ್ಲರೆ ಜನ ಸೈಕಲ್ ಮೇಲೆ ಕೂತು ಒಂದು ಕಾಲೂರಿ ನಿಂತಿದ್ದೆವು. ಕೊಯ್ಲಿನ ದಿನಗಳು. ಕಣದ ಅರ್ಧ ಭಾಗದಲ್ಲಿ ಹರವಿದ್ದ ಹಣ್ಣಿನಿಂದ ಹುಳಿ ಬೆರೆತ ಸಿಹಿ ವಾಸನೆ ಬರುತ್ತಿತ್ತು. ನಾನಿದ್ದದ್ದು ಕೊನೆಯ ಸಾಲಿನಲ್ಲಿ. ಪಕ್ಕದ ಹುಡುಗ ಗುರುತು ಹಿಡಿದು, ‘ಅಣ್ಣಾ, ನೀವ್ಯಾಕೆ ಇಲ್ಲಿ? ಮುಂದೆ ಹೋಗಿ ನಿಂತ್ಕೊಳ್ಳಿ’ ಅಂದ. ‘ಈ ಸಲ ಇಲ್ಲೇ ಸರಿ ಕಣಪ್ಪ’ ಅಂದೆ. ಜುಲೈ ಕೊನೆಯ ಮಳೆಯಲ್ಲಿ ಒದ್ದೆ ಬೇರಿನ ಮೇಲೆ ಮುಂದಿನ ಚಕ್ರ ಜಾರಿ ನನ್ನ ಎಡಗಡೆಯ ಕಾಲರ್ ಬೋನ್ ಮುರಿದಿತ್ತು. ಹನ್ನೊಂದು ವಾರ ಸೈಕಲ್ ಮುಟ್ಟಿರಲಿಲ್ಲ. ಮತ್ತೆ ಹತ್ತಿ ಆರು ವಾರವಾಗಿತ್ತು.

ಪೀಪಿ ಊದಿದರು, ಹೊರಟೆವು. ಮೊದಲ ಐನೂರು ಮೀಟರ್ ಜೀಪು ಓಡಾಡುವ ಮಣ್ಣಿನ ದಾರಿ. ಅದು ಮುಗಿದಲ್ಲಿ, ಸಿಲ್ವರ್ ಓಕ್ ಮರಗಳ ನಡುವೆ ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗಬಲ್ಲ ಕಾಲುಹಾದಿ ಏರು ಹತ್ತುತ್ತದೆ. ನಾವು ಅದನ್ನು ಸಿಂಗಲ್ ಟ್ರ್ಯಾಕ್ ಅನ್ನುತ್ತೇವೆ. ನಾಲ್ಕು ನಿಮಿಷದ ಏರು. ಅರ್ಧ ಹತ್ತುವಷ್ಟರಲ್ಲಿ ಹ್ಯಾಂಡಲ್ ಮೇಲಿನ ಪುಟ್ಟ ಪರದೆ ಎದೆಬಡಿತ ನಿಮಿಷಕ್ಕೆ 183 ಎಂದು ತೋರಿಸಿತು. ಹಿಂದಿನ ವರ್ಷ ಇದೇ ಏರನ್ನು ಇನ್ನೂ ಬೇಗ ಹತ್ತಿದಾಗ ಅದು 171 ದಾಟಿರಲಿಲ್ಲ. ಕಾಲಲ್ಲಿ ಬಲವಿತ್ತು, ಆದರೆ ಅದಕ್ಕೆ ಬೇಕಾದದ್ದು ಮೇಲಿನಿಂದ ಇಳಿದು ಬರುತ್ತಿರಲಿಲ್ಲ.

ಏರಿನ ತುದಿಯಿಂದ ಆಚೆಗೆ ಇಳಿಜಾರು. ಕಲ್ಲು, ಬೇರು, ಎರಡು ಕಡಿದಾದ ತಿರುವು, ಒಂದು ಮೊಣಕಾಲೆತ್ತರದ ಧುಮುಕು. ಅಲ್ಲಿ ನನಗೆ ಏನೂ ಆಗಿರಲೇ ಇಲ್ಲವೇನೋ ಅನ್ನುವ ಹಾಗೆ ಕೈಕಾಲು ತಾವೇ ಕೆಲಸ ಮಾಡಿದವು. ಬೆರಳು ಬ್ರೇಕನ್ನು ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟಿತು. ಏರಿನಲ್ಲಿ ನನ್ನನ್ನು ದಾಟಿದ್ದ ಇಬ್ಬರನ್ನು ಇಳಿಜಾರು ಮುಗಿಯುವ ಮುಂಚೆ ಮತ್ತೆ ಹಿಡಿದೆ.

ಒಂದೇ ದೇಹ, ಒಂದೇ ಹನ್ನೊಂದು ವಾರದ ಬಿಡುವು. ಅದರಲ್ಲಿ ಒಂದು ಭಾಗ ಎಲ್ಲವನ್ನೂ ಕಳೆದುಕೊಂಡಿತ್ತು, ಇನ್ನೊಂದು ಏನನ್ನೂ ಕಳೆದುಕೊಂಡಿರಲಿಲ್ಲ. ‘ಫಿಟ್‌ನೆಸ್ ಹೋಯಿತು’ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಹೋಗುವುದು ಒಂದೇ ವಸ್ತುವಲ್ಲ. ರಕ್ತ, ಸ್ನಾಯು, ನರ, ಎಲುಬು ಪ್ರತಿಯೊಂದೂ ತನ್ನದೇ ವೇಗದಲ್ಲಿ ಹೋಗುತ್ತದೆ, ತನ್ನದೇ ವೇಗದಲ್ಲಿ ಮರಳುತ್ತದೆ. ಬಿಡುವಿನ ನಂತರ ಸ್ಪರ್ಧೆಗೆ ಇಳಿಯುವವರು ಅರಿಯಬೇಕಾದದ್ದು ಈ ವೇಗಗಳ ವ್ಯತ್ಯಾಸವನ್ನು. ನಾನು ಅದನ್ನು ತಡವಾಗಿ ಅರಿತೆ.

ಕ್ರಾಸ್ ಕಂಟ್ರಿ ಮೌಂಟನ್ ಬೈಕ್ ಸ್ಪರ್ಧೆ 1996ರಲ್ಲಿ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್‌ಗೆ ಬಂತು. ನಾಲ್ಕೈದು ಕಿಲೋಮೀಟರಿನ ಒಂದು ಸುತ್ತನ್ನು ಮತ್ತೆ ಮತ್ತೆ ಸುತ್ತಬೇಕು, ಒಟ್ಟು ಸುಮಾರು ಒಂದೂವರೆ ಗಂಟೆ. ಕೇಳಿದರೆ ಇದು ದೂರದೋಟದ ಹಾಗೆ ತಾಳ್ಮೆಯ ಆಟ ಅನ್ನಿಸುತ್ತದೆ. ಹಾಗಲ್ಲ. ಇಟಲಿಯ ಫ್ರಾಂಕೊ ಇಂಪೆಲ್ಲಿಝೇರಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸವಾರರ ಎದೆಬಡಿತ ಸ್ಪರ್ಧೆಯುದ್ದಕ್ಕೂ ಸರಾಸರಿಯಲ್ಲಿ ಅವರವರ ಗರಿಷ್ಠದ ಶೇ. 90ರ ಆಸುಪಾಸಿನಲ್ಲಿತ್ತು. ಹೊರಟ ಕ್ಷಣದಿಂದಲೇ ಹೀಗೆ, ಯಾಕೆಂದರೆ ಕಾಲುಹಾದಿಗೆ ಮೊದಲು ನುಗ್ಗಿದವರನ್ನು ಆಮೇಲೆ ದಾಟಲು ಜಾಗವೇ ಇರುವುದಿಲ್ಲ. ಇಳಿಜಾರಿನಲ್ಲೂ ಹೃದಯಕ್ಕೆ ಬಿಡುವಿಲ್ಲ. ಪೆಡಲ್ ತುಳಿಯದಿದ್ದರೂ ತೋಳು, ಬೆನ್ನು, ತೊಡೆಗಳು ಬಿಗಿಹಿಡಿದು ನೆಲದ ಹೊಡೆತವನ್ನೆಲ್ಲ ತಾಳಿಕೊಳ್ಳುತ್ತವೆ. ಹೃದಯ ಮತ್ತು ರಕ್ತನಾಳಗಳ ಕೊರತೆಯನ್ನು ಈ ಆಟದಲ್ಲಿ ಮರೆಮಾಚುವ ಹಾಗೇ ಇಲ್ಲ.

ಆ ಕೊರತೆ ಎಷ್ಟು ಬೇಗ ಬರುತ್ತದೆ ಎನ್ನುವುದಕ್ಕೆ ಹಳೆಯದೊಂದು ಪ್ರಯೋಗವಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಬೆಂಗ್ಟ್ ಸಾಲ್ಟಿನ್, ಜೆರ್ ಮಿಚೆಲ್ ಮೊದಲಾದವರು ಇಪ್ಪತ್ತರ ಹರೆಯದ ಐದು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ನಿಲ್ಲುವಂತಿಲ್ಲ, ನಡೆಯುವಂತಿಲ್ಲ. ದುಡಿಮೆಯ ತುತ್ತತುದಿಯಲ್ಲಿ ದೇಹ ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆಗೆ ವಿಓಟೂ ಮ್ಯಾಕ್ಸ್ ಎನ್ನುತ್ತಾರೆ. ಆ ಹುಡುಗರಲ್ಲಿ ಅದು ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ನಂತರ ಅದೇ ಐವರನ್ನು ಹುಡುಕಿ ಕರೆತಂದು ಮತ್ತೆ ಅಳೆದರು. ಐವತ್ತರ ಹರೆಯಕ್ಕೆ ಬಂದಿದ್ದ ಅವರಲ್ಲಿ ಮೂವತ್ತು ವರ್ಷ ತಂದ ನಷ್ಟ ಆ ಮೂರು ವಾರದ ಹಾಸಿಗೆ ತಂದ ನಷ್ಟಕ್ಕಿಂತ ಕಡಿಮೆಯಿತ್ತು. ಈ ಸಂಗತಿಯನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಎದ್ದು ಓಡಾಡಿದ್ದೆ.

ಮಲಗದೆ, ಬರೀ ಅಭ್ಯಾಸ ನಿಲ್ಲಿಸಿದರೆ? ಟೆಕ್ಸಾಸ್ ವಿಶ್ವವಿದ್ಯಾಲಯದ ಎಡ್ವರ್ಡ್ ಕಾಯ್ಲ್ 1984ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ವರ್ಷಗಟ್ಟಲೆ ಓಡಿ, ಸೈಕಲ್ ತುಳಿದು ಪಳಗಿದ ಏಳು ಜನ ಅವರ ಮಾತಿಗೆ ಒಪ್ಪಿ 84 ದಿನ ಅಭ್ಯಾಸ ಬಿಟ್ಟರು. ಮೊದಲ ಮೂರು ವಾರದಲ್ಲಿ ವಿಓಟೂ ಮ್ಯಾಕ್ಸ್ ಶೇ. 7 ಇಳಿಯಿತು. ಎಂಟು ವಾರದ ಹೊತ್ತಿಗೆ ಶೇ. 16 ಇಳಿದು ಅಲ್ಲೇ ನಿಂತಿತು, ಇನ್ನೂ ಕೆಳಗೆ ಹೋಗಲಿಲ್ಲ. ನನ್ನ ಹನ್ನೊಂದು ವಾರ ಅಂದರೆ 77 ದಿನ. ಕಾಯ್ಲ್ ಅವರ ಕೋಷ್ಟಕದಲ್ಲಿ ನನ್ನ ಜಾಗ ಎಲ್ಲಿ ಎಂದು ಬೆರಳಿಟ್ಟು ತೋರಿಸಬಹುದು.

ಮೊದಲ ವಾರಗಳ ಆ ಇಳಿತ ಯಾವುದರದ್ದು? ಹೃದಯದ ಸ್ನಾಯು ಅಷ್ಟು ಬೇಗ ಸೊರಗಿತೆ? ಕಾಯ್ಲ್ ಎರಡು ವರ್ಷದ ಬಳಿಕ ಇನ್ನೊಂದು ಪ್ರಯೋಗ ಮಾಡಿದರು. ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಪ್ರಯೋಗ ಇದು. ಎರಡರಿಂದ ನಾಲ್ಕು ವಾರ ಅಭ್ಯಾಸ ಬಿಟ್ಟವರ ಮೈಯಲ್ಲಿ ರಕ್ತದ ಒಟ್ಟು ಪ್ರಮಾಣ ಸುಮಾರು ಶೇ. 9 ಕಡಿಮೆಯಾಗಿತ್ತು. ಐದು ಲೀಟರಿನಲ್ಲಿ ಹತ್ತಿರಹತ್ತಿರ ಅರ್ಧ ಲೀಟರ್. ಕಾಯ್ಲ್ ಆ ಜನರ ರಕ್ತನಾಳಕ್ಕೆ ಡೆಕ್ಸ್‌ಟ್ರಾನ್ ಎಂಬ ದ್ರಾವಣ ಹರಿಸಿ ಆ ಕೊರತೆಯನ್ನು ತುಂಬಿದರು. ಆಮ್ಲಜನಕ ಹೊರುವ ಕೆಂಪು ಕಣ ಅದರಲ್ಲಿ ಒಂದೂ ಇಲ್ಲ, ಅದು ಬರೀ ರಕ್ತನಾಳದ ಒಳಗೆ ನಿಲ್ಲುವ ದ್ರವ. ಅಷ್ಟಕ್ಕೇ ಹೃದಯ ಒಂದು ಬಡಿತಕ್ಕೆ ಹೊರದೂಡುವ ರಕ್ತ ಹಿಂದಿನ ಮಟ್ಟದ ಹತ್ತಿರಕ್ಕೆ ಮರಳಿತು. ವಿಓಟೂ ಮ್ಯಾಕ್ಸ್ ಕೂಡ ಹೆಚ್ಚುಕಡಿಮೆ ಮರಳಿತು.

ಅಂದರೆ ಹೃದಯ ಸೊರಗಿರಲಿಲ್ಲ, ಅದಕ್ಕೆ ತುಂಬಿಕೊಳ್ಳಲು ರಕ್ತ ಸಾಲದಾಗಿತ್ತು. ಬಾವಿಯಲ್ಲಿ ನೀರು ಕೆಳಗಿಳಿದಾಗ ಪಂಪು ಚೆನ್ನಾಗಿದ್ದರೂ ನೀರು ಕಟ್ಟಿಕಟ್ಟಿ ಬರುತ್ತದಲ್ಲ, ಆ ಸ್ಥಿತಿ. ಪ್ರತಿ ಬಡಿತದಲ್ಲಿ ಕಡಿಮೆ ರಕ್ತ ಹೋಗುವಾಗ ಹೃದಯಕ್ಕೆ ಇರುವ ದಾರಿ ಒಂದೇ, ಹೆಚ್ಚು ಸಲ ಬಡಿಯುವುದು. ಆ ಏರಿನಲ್ಲಿ ನಾನು ನೋಡಿದ 183ರಲ್ಲಿ ಅದರದ್ದೂ ಒಂದು ಪಾಲಿದ್ದಿರಬೇಕು.

ದೇಹ ಯಾಕೆ ಹೀಗೆ ಮಾಡುತ್ತದೆ ಎಂದು ಯೋಚಿಸಿದರೆ ಅದರ ಲೆಕ್ಕಾಚಾರ ಅರ್ಥವಾಗುತ್ತದೆ. ಪಳಗಿದ ಸವಾರನ ರಕ್ತ ಹೆಚ್ಚಿರುವುದಕ್ಕೆ ಒಂದು ದೊಡ್ಡ ಕಾರಣ ಪ್ಲಾಸ್ಮಾ, ಅಂದರೆ ಕಣಗಳು ತೇಲುವ ಹಳದಿ ನೀರು. ಕಠಿಣ ವ್ಯಾಯಾಮ ಮಾಡಿದ ದಿನ ಆಲ್ಬುಮಿನ್ ಎಂಬ ಪ್ರೋಟೀನು ರಕ್ತನಾಳದೊಳಗೆ ಹೆಚ್ಚಿ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಮೂತ್ರಪಿಂಡಗಳು ಉಪ್ಪನ್ನು ಹೊರಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. ವ್ಯಾಯಾಮ ನಿಂತರೆ ಆ ನೀರನ್ನು ಹೊತ್ತು ತಿರುಗುವುದಕ್ಕೆ ಕಾರಣವಿಲ್ಲ, ಮೂತ್ರವಾಗಿ ಹೊರಹೋಗುತ್ತದೆ. ಬೇಗ ಗಳಿಸಿದ್ದನ್ನು ದೇಹ ಬೇಗ ಬಿಟ್ಟುಕೊಡುತ್ತದೆ. ಸಮಾಧಾನದ ಸಂಗತಿಯೆಂದರೆ ಮರಳಿ ಬರುವುದೂ ಅಷ್ಟೇ ಬೇಗ. ಒಂದೇ ಒಂದು ಬಿರುಸಿನ ತಾಲೀಮಿನ ಮರುದಿನಕ್ಕೆ ಪ್ಲಾಸ್ಮಾ ಏರಿರುವುದನ್ನು ಅಳೆದಿದ್ದಾರೆ. ಬಿಡುವಿನ ನಂತರದ ಮೊದಲೆರಡು ವಾರದಲ್ಲಿ ‘ಅರೆ, ಎಷ್ಟು ಬೇಗ ಸುಧಾರಿಸಿದೆ’ ಎಂದು ಹುರುಪಾಗುತ್ತದಲ್ಲ, ಆ ಸುಧಾರಣೆಯ ದೊಡ್ಡ ಪಾಲು ನೀರು. ಕೆಂಪು ಕಣಗಳ ಕಥೆ ಬೇರೆ. ಒಂದೊಂದರ ಆಯುಸ್ಸು ಸುಮಾರು 120 ದಿನ, ಅವುಗಳ ಸಂಖ್ಯೆ ಏರಲು ವಾರಗಳೇ ಬೇಕು. ಆರು ವಾರದ ಅಭ್ಯಾಸದಲ್ಲಿ ನನಗೆ ನೀರು ಬಂದಿತ್ತು, ಉಳಿದದ್ದು ಇನ್ನೂ ದಾರಿಯಲ್ಲಿತ್ತು.

ಉಳಿದದ್ದರಲ್ಲಿ ಮುಖ್ಯವಾದದ್ದು ಸ್ನಾಯುವಿನೊಳಗಿನ ಮೈಟೊಕಾಂಡ್ರಿಯ. ಆಮ್ಲಜನಕ ಬಳಸಿ ಸಕ್ಕರೆ, ಕೊಬ್ಬನ್ನು ಶಕ್ತಿಯಾಗಿಸುವ ಒಲೆಗಳು ಇವು. ಕಾಯ್ಲ್ ಅವರ ಏಳು ಜನರಲ್ಲಿ ಈ ಒಲೆಗಳ ಕಿಣ್ವಗಳು ಇಳಿದ ವೇಗವನ್ನು ಲೆಕ್ಕ ಹಾಕಿದರೆ, ಕಳೆದುಕೊಳ್ಳಬೇಕಾದದ್ದರಲ್ಲಿ ಅರ್ಧ 12 ದಿನದಲ್ಲಿ ಹೋಗಿತ್ತು. ಒಲೆ ಕಡಿಮೆಯಾದರೆ ಸ್ನಾಯು ಬೇಗನೆ ಆಮ್ಲಜನಕವಿಲ್ಲದ ದಾರಿ ಹಿಡಿಯುತ್ತದೆ, ಲ್ಯಾಕ್ಟೇಟ್ ಬೇಗ ಏರುತ್ತದೆ, ಕೂಡಿಟ್ಟ ಗ್ಲೈಕೋಜನ್ ಬೇಗ ಕರಗುತ್ತದೆ. ಮೊದಲ ಸುತ್ತಿನಲ್ಲಿ ಇದು ಗೊತ್ತಾಗುವುದಿಲ್ಲ. ಮೂರನೆಯ ಸುತ್ತಿನಲ್ಲಿ ಗೊತ್ತಾಗುತ್ತದೆ. ನನಗೂ ಮೂರನೆಯದರಲ್ಲೇ ಗೊತ್ತಾಯಿತು: ಅದೇ ಸಿಲ್ವರ್ ಓಕ್ ಸಾಲು, ಅದೇ ಗೇರು, ಪೆಡಲ್ ಮಾತ್ರ ಕೆಸರಿನಲ್ಲಿ ತಿರುಗಿಸಿದ ಹಾಗೆ.

ಇಷ್ಟಾದರೂ ಆ 84ನೆಯ ದಿನ ಕಾಯ್ಲ್ ಕಂಡ ಇನ್ನೆರಡು ಸಂಗತಿಗಳನ್ನು ಬಿಡುವಿನಲ್ಲಿರುವ ಪ್ರತಿಯೊಬ್ಬರಿಗೂ ಹೇಳಬೇಕು ಅನ್ನಿಸುತ್ತದೆ. ಇಳಿದ ಮೇಲೂ ಅವರ ಕಿಣ್ವಗಳು ಎಂದೂ ಅಭ್ಯಾಸ ಮಾಡದವರಿಗಿಂತ ಶೇ. 50 ಹೆಚ್ಚಿದ್ದವು. ಸ್ನಾಯುವಿನ ಎಳೆಗಳ ಸುತ್ತ ಹೆಣೆದುಕೊಂಡ ಲೋಮನಾಳಗಳು, ಕೂದಲಿಗಿಂತ ತೆಳ್ಳಗಿನ ರಕ್ತದ ಕಾಲುವೆಗಳು, ಒಂಚೂರೂ ಕಡಿಮೆಯಾಗಿರಲಿಲ್ಲ. ವರ್ಷಗಟ್ಟಲೆ ತೋಡಿದ ಕಾಲುವೆ ಮೂರು ತಿಂಗಳಿಗೆ ಮುಚ್ಚಿಹೋಗುವುದಿಲ್ಲ. ನೀರು ಬಿಟ್ಟ ದಿನ ಹರಿಯಲು ಅದು ತೆರೆದೇ ಇರುತ್ತದೆ.

ಸ್ನಾಯುವಿನ ಜೀವಕೋಶದೊಳಗೂ ಇಂಥದೊಂದು ಉಳಿಕೆ ಇದೆ. ನಾರ್ವೆಯ ಓಸ್ಲೊದಲ್ಲಿ ಕ್ರಿಸ್ಟಿಯಾನ್ ಗುಂಡರ್ಸನ್ ಅವರ ತಂಡ 2010ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದು: ದುಡಿಸಿದಾಗ ಸ್ನಾಯುವಿನ ಎಳೆ ದಪ್ಪಗಾಗುವ ಮೊದಲೇ ಅದರೊಳಗೆ ಹೊಸ ಕೋಶಕೇಂದ್ರಗಳು ಸೇರುತ್ತವೆ. ಆಮೇಲೆ ದುಡಿಮೆ ತಪ್ಪಿಸಿ ಎಳೆ ಸಣ್ಣಗಾದರೂ ಆ ಕೇಂದ್ರಗಳು ತಿಂಗಳುಗಟ್ಟಲೆ ಹಾಗೇ ಉಳಿಯುತ್ತವೆ. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಿಜ ಎಂಬ ವಾದ ಇನ್ನೂ ಮುಗಿದಿಲ್ಲ.

ಇಲ್ಲಿ ನನ್ನ ತಪ್ಪಿನ ವಿಷಯಕ್ಕೆ ಬರಬೇಕು. ಕೈಯನ್ನು ಕೊರಳಿಗೆ ಕಟ್ಟಿಕೊಂಡು ಮನೆಗೆ ಬಂದಾಗ ಅಮ್ಮ, ‘ಎಲುಬು ಕೂಡೋ ತನಕ ಮಿಸುಕಾಡಬೇಡ ಮಗಾ’ ಅಂದರು. ನಾನು ಅದನ್ನು ಮೈಗೆಲ್ಲ ಅನ್ವಯಿಸಿಕೊಂಡೆ. ಮುರಿದದ್ದು ಒಂದು ಎಲುಬು, ಕೂರಿಸಿದ್ದು ಇಡೀ ದೇಹವನ್ನು. 

ನಾನು ಹೀಗೆ ಕೂತದ್ದಕ್ಕೆ ಎದುರಾಗಿ ಇಡಬಹುದಾದ ಒಂದು ಉದಾಹರಣೆ ಜಗತ್ತಿನ ಕಣ್ಣೆದುರೇ ನಡೆದಿದೆ. 2021ರ ಮೇ ಕೊನೆಯಲ್ಲಿ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ತಾಲೀಮಿನಲ್ಲಿದ್ದಾಗ ಕಾರು ಬಡಿದು ಬಿದ್ದರು. ಕಾಲರ್ ಬೋನ್ ಹಲವು ತುಂಡಾಯಿತು, ಶಸ್ತ್ರಚಿಕಿತ್ಸೆಯಾಯಿತು. ಎಂಟು ವಾರದ ನಂತರ, ಜುಲೈ 26ರಂದು, ಜಪಾನಿನ ಇಝುವಿನಲ್ಲಿ ಅವರು ಒಲಿಂಪಿಕ್ ಚಿನ್ನ ಗೆದ್ದರು. ಆಗ ವಯಸ್ಸು 21. ಪವಾಡ ಎಂದು ಬರೆದವರಿದ್ದಾರೆ. ನನಗೆ ಅದು ಪವಾಡಕ್ಕಿಂತ ಚೆಲುವಾಗಿ ಕಾಣುತ್ತದೆ. ಎಲುಬು ತನ್ನ ವೇಗದಲ್ಲಿ ಕೂಡಿಕೊಳ್ಳಲು ಬಿಟ್ಟು, ಕಾಲು ಮತ್ತು ಹೃದಯವನ್ನು ಮನೆಯೊಳಗಿನ ನಿಂತ ಸೈಕಲ್ ಮೇಲೆ ದುಡಿಸಿದರೆ, ರಕ್ತ ಮತ್ತು ಮೈಟೊಕಾಂಡ್ರಿಯಗಳಿಗೆ ಬಿಡುವಾಯಿತೆಂಬ ಸುದ್ದಿಯೇ ಹೋಗುವುದಿಲ್ಲ.

ಎಷ್ಟು ದುಡಿಸಿದರೆ ಸಾಕು ಎಂಬುದನ್ನು ಶಿಕಾಗೊದ ರಾಬರ್ಟ್ ಹಿಕ್ಸನ್ 1980ರ ದಶಕದಲ್ಲೇ ಅಳೆದಿದ್ದರು. ಹತ್ತು ವಾರ, ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಜನರನ್ನು ಪಳಗಿಸಿದ ಮೇಲೆ ಅವರು ಒಂದೊಂದನ್ನೇ ಕಡಿತ ಮಾಡಿ ನೋಡಿದರು. ವಾರಕ್ಕೆ ಎರಡೇ ದಿನಕ್ಕೆ ಇಳಿಸಿದರೂ ವಿಓಟೂ ಮ್ಯಾಕ್ಸ್ ಹದಿನೈದು ವಾರ ಉಳಿಯಿತು. 40 ನಿಮಿಷವನ್ನು 13ಕ್ಕೆ ಇಳಿಸಿದಾಗಲೂ ಅದು ಉಳಿಯಿತು. ಬಿರುಸನ್ನು ತಗ್ಗಿಸಿದಾಗ ಮಾತ್ರ ಉಳಿಯಲಿಲ್ಲ. ಹೊತ್ತು ಕಡಿಮೆಯಾದರೆ ದೇಹ ಸಹಿಸುತ್ತದೆ, ಬಿರುಸು ಕಡಿಮೆಯಾದರೆ ತಾನು ಕಟ್ಟಿದ್ದನ್ನು ಬಿಚ್ಚಲು ತೊಡಗುತ್ತದೆ. ಕೈ ಕಟ್ಟಿದ್ದರೂ, ವೈದ್ಯರು ಒಪ್ಪಿದ ಮೇಲೆ, ವಾರಕ್ಕೆ ಎರಡು ಸಲ ಕಾಲು ಗಂಟೆ ಏದುಸಿರು ಬರುವ ಹಾಗೆ ನಿಂತ ಸೈಕಲ್ ತುಳಿದಿದ್ದರೆ ನನ್ನ ಡಿಸೆಂಬರ್ ಬೇರೆಯಾಗಿರುತ್ತಿತ್ತು. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಈಗ ಕೈಗೋ ಭುಜಕ್ಕೋ ಪಟ್ಟಿ ಕಟ್ಟಿಕೊಂಡು ಕೂತಿದ್ದರೆ, ಮುಂದಿನ ಸಲ ವೈದ್ಯರನ್ನು ಕಂಡಾಗ, ನಿಂತ ಸೈಕಲ್ ತುಳಿಯಬಹುದೇ ಎಂಬ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ.

ಬಿಡುವಿನ ಬೆಲೆಯಲ್ಲಿ ದೇಹದ ಹೊರಗಿನದೂ ಒಂದಿದೆ. ಒಲಿಂಪಿಕ್ಸ್‌ನಲ್ಲಾಗಲಿ ವಿಶ್ವಕಪ್ಪಿನಲ್ಲಾಗಲಿ ಹೊರಡುವ ಸಾಲು ಆವರೆಗೆ ಗಳಿಸಿದ ಅಂಕದ ಮೇಲೆ ನಿಂತಿದೆ. ಸ್ಪರ್ಧಿಸದಿದ್ದರೆ ಅಂಕವಿಲ್ಲ, ಅಂಕವಿಲ್ಲದಿದ್ದರೆ ಹಿಂದಿನ ಸಾಲು. ಪಿಡ್‌ಕಾಕ್ ಆ ಋತುವಿನಲ್ಲಿ ಹೆಚ್ಚು ಮೌಂಟನ್ ಬೈಕ್ ಸ್ಪರ್ಧೆಗಳಲ್ಲಿ ಇರಲಿಲ್ಲ, ಇಝುವಿನಲ್ಲಿ ಅವರು ಹೊರಟದ್ದು ನಾಲ್ಕನೆಯ ಸಾಲಿನಿಂದ. ಸುಮಾರು ನಾಲ್ಕು ಕಿಲೋಮೀಟರಿನ ಆ ಸುತ್ತಿನಲ್ಲಿ ನೂರೈವತ್ತು ಮೀಟರಿನಷ್ಟು ಏರು ಇತ್ತು. ಮುಂದಿನವರನ್ನು ಒಬ್ಬೊಬ್ಬರನ್ನಾಗಿ ದಾಟುವುದಕ್ಕೆ ಮೊದಲ ನಿಮಿಷಗಳಲ್ಲೇ ಅಪಾರ ಶಕ್ತಿ ಸುರಿಯಬೇಕು. ಬಿಡುವಿನಿಂದ ಬಂದವರಲ್ಲಿ ಯಾವುದು ಅತಿ ಕಡಿಮೆ ಇರುತ್ತದೋ ಅದನ್ನೇ ಅತಿ ಹೆಚ್ಚು ಕೇಳುವ ಏರ್ಪಾಡು ಇದು.

ಮರುದಿನ ಅದೇ ಇಝುವಿನಲ್ಲಿ ಮಹಿಳೆಯರ ಸ್ಪರ್ಧೆ. ಗೆದ್ದವರು ಸ್ವಿಟ್ಜರ್‌ಲೆಂಡಿನ ಜೋಲಾಂಡಾ ನೆಫ್. ಅವರು 2019ರ ಡಿಸೆಂಬರಿನಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ತಾಲೀಮು ಮಾಡುವಾಗ ಬಿದ್ದಿದ್ದರು. ಗುಲ್ಮ ಒಡೆದಿತ್ತು, ಪಕ್ಕೆಲುಬು ಮುರಿದಿತ್ತು, ಒಂದು ಶ್ವಾಸಕೋಶ ಕುಸಿದಿತ್ತು. ಅದು ನಿಂತ ಸೈಕಲ್ ಮೇಲೆ ಕೂರಬಹುದಾದ ಗಾಯವಲ್ಲ, ಮಲಗಲೇಬೇಕಾದ ಗಾಯ. ಅದರಿಂದ ಎದ್ದು ಬಂದು, ಒಲಿಂಪಿಕ್ಸ್‌ಗೆ ಕೆಲವೇ ವಾರ ಇರುವಾಗ ಕೈಮೂಳೆ ಮುರಿದುಕೊಂಡರು. ಸ್ಪರ್ಧೆಯ ದಿನ ಮಳೆ ಬಂದು ಇಝುವಿನ ಮಣ್ಣು, ಬಂಡೆ ಜಾರುತ್ತಿದ್ದವು. ಎದುರಾಳಿಗಳು ಇಳಿದು ಸೈಕಲ್ ದೂಡಿದ ಜಾಗಗಳಲ್ಲೂ ನೆಫ್ ಸವಾರಿ ಮಾಡಿದರು. ಒಂದು ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಎರಡನೆಯ, ಮೂರನೆಯ ಸ್ಥಾನಗಳೂ ಸ್ವಿಟ್ಜರ್‌ಲೆಂಡಿಗೇ ಹೋದವು. ಆ ಸ್ಪರ್ಧೆಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ಕಣ್ಣು ಹೋಗುವುದು ಅವರ ಕಾಲಿನ ಕಡೆಗಲ್ಲ, ನೋಟದ ಕಡೆಗೆ. ತಲೆ ಎತ್ತಿಯೇ ಇದೆ. ಚಕ್ರದ ಬುಡದ ಕಲ್ಲನ್ನು ಅವರು ನೋಡುವುದೇ ಇಲ್ಲ, ಅದರಾಚೆಯ ತಿರುವನ್ನು ಆಗಲೇ ನೋಡುತ್ತಿದ್ದಾರೆ.

ಈ ಕೌಶಲ ಬಿಡುವಿಗೆ ಬೆದರುವುದಿಲ್ಲ. ಸೈಕಲ್ ಸವಾರಿಯ ನೆನಪು ಇರುವುದು ಹೆಸರು, ಊರು, ತಾರೀಖು ನೆನಪಿಡುವ ಜಾಗದಲ್ಲಲ್ಲ, ಕಿರುಮೆದುಳು ಮತ್ತು ಮೆದುಳಿನ ಆಳದ ಚಲನೆಯ ಕೇಂದ್ರಗಳಲ್ಲಿ. ಅದೆಷ್ಟು ಗಟ್ಟಿ ಎಂಬುದಕ್ಕೆ ನೆದರ್‌ಲೆಂಡ್ಸ್‌ನ ನರವೈದ್ಯ ಬಾಸ್ ಬ್ಲೂಮ್ 2010ರಲ್ಲಿ ವರದಿ ಮಾಡಿದ ರೋಗಿಯೊಬ್ಬರ ಕಥೆ ಸಾಕ್ಷಿ. 58 ವರ್ಷದ ಅವರಿಗೆ ಹತ್ತು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕಾಲು ನೆಲಕ್ಕೆ ಅಂಟಿದಂತಾಗಿ ನಿಂತುಬಿಡುತ್ತಿದ್ದರು. ಸೈಕಲ್ ಹತ್ತಿಸಿದರೆ ಸರಾಗವಾಗಿ ತುಳಿದುಕೊಂಡು ಹೋದರು, ತಿರುಗಿಸಿಕೊಂಡು ಬಂದರು. ಇಳಿದ ಕೂಡಲೇ ಕಾಲು ಮತ್ತೆ ಅಂಟಿಕೊಂಡಿತು. ನಡಿಗೆಯನ್ನೇ ಕಸಿದ ಕಾಯಿಲೆಗೂ ಸವಾರಿಯನ್ನು ಕಸಿಯಲಾಗಿರಲಿಲ್ಲ. ಹನ್ನೊಂದು ವಾರ ಅದರ ಮುಂದೆ ಏನು?

ಬಿದ್ದು ಎದ್ದವರಲ್ಲಿ ಕೌಶಲಕ್ಕೆ ಅಡ್ಡ ಬರುವುದು ಹೆದರಿಕೆ. ಹೆದರಿದವರ ಕಣ್ಣು ಹತ್ತಿರಕ್ಕೆ ಬರುತ್ತದೆ, ಚಕ್ರದ ಬುಡದಲ್ಲೇ ನಿಲ್ಲುತ್ತದೆ. ಕಣ್ಣು ಎಲ್ಲಿದೆಯೋ ಸೈಕಲ್ಲೂ ಅಲ್ಲಿಗೇ ಹೋಗುತ್ತದೆ. ಸೈಕಲ್ ಮತ್ತೆ ಹತ್ತಿದ ಮೊದಲ ವಾರಗಳಲ್ಲಿ ನಾನು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ, ಒಣ ನೆಲದ ಒಂದೇ ಬೇರನ್ನು ದಿನಕ್ಕೆ ಇಪ್ಪತ್ತು ಸಲ ನಿಧಾನವಾಗಿ ದಾಟಿದ್ದು. ಆ ಡಿಸೆಂಬರಿನ ಇಳಿಜಾರಿನಲ್ಲಿ ತಲೆ ಎತ್ತಿ ಇಟ್ಟುಕೊಳ್ಳಲು ಆದದ್ದು ಅದರಿಂದ.

ಎಲ್ಲಕ್ಕಿಂತ ನಿಧಾನವಾದದ್ದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗಗಳು, ಸ್ನಾಯುರಜ್ಜುಗಳು. ಹಿಮ್ಮಡಿಯ ಹಿಂದಿನ ಅಕಿಲಿಸ್ ರಜ್ಜು ನಮ್ಮ ಮೈಯಲ್ಲೇ ದಪ್ಪನೆಯದು. ಅದರ ವಯಸ್ಸು ಅಳೆಯಲು ಒಂದು ದಾರಿಯಿದೆ. 1950–60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಏರಿ, ಆಮೇಲೆ ವರ್ಷವರ್ಷವೂ ಇಳಿಯಿತು. ಒಂದು ಅಂಗಾಂಶದಲ್ಲಿ ಅದು ಎಷ್ಟಿದೆ ಎಂದು ಅಳೆದರೆ ಆ ಅಂಗಾಂಶ ಯಾವ ಕಾಲದಲ್ಲಿ ಕಟ್ಟಿದ್ದೆಂದು ತಿಳಿಯುತ್ತದೆ. ಡೆನ್ಮಾರ್ಕಿನ ಕಾತ್ಯ ಹೈನೆಮೇಯರ್ ಮತ್ತು ಸಂಗಡಿಗರು 2013ರಲ್ಲಿ ಹೀಗೆ ಅಳೆದು ನೋಡಿದಾಗ, ಅಕಿಲಿಸ್ ರಜ್ಜುವಿನ ತಿರುಳು ಸುಮಾರು 17ನೆಯ ವಯಸ್ಸಿನವರೆಗೆ, ಎತ್ತರ ಬೆಳೆಯುವ ದಿನಗಳಲ್ಲಿ, ಕಟ್ಟಿಕೊಂಡದ್ದು, ಆಮೇಲೆ ಹೆಚ್ಚುಕಡಿಮೆ ಬದಲಾಗಿಯೇ ಇಲ್ಲ ಎಂದು ಕಂಡಿತು. ಹೈಸ್ಕೂಲಿಗೆ ನಡೆದುಹೋದ ಹಗ್ಗದಿಂದಲೇ ನಾನಿಂದೂ ಪೆಡಲ್ ತುಳಿಯುತ್ತಿದ್ದೇನೆ. ಅಭ್ಯಾಸಕ್ಕೆ ತಕ್ಕಂತೆ ಅದರ ಬಿಗುವು ಬದಲಾಗುವುದುಂಟು, ಆದರೆ ತಿಂಗಳುಗಳ ಲೆಕ್ಕದಲ್ಲಿ.

ಬಿಡುವಿನ ನಂತರದ ಗಾಯಗಳು ಹುಟ್ಟುವುದು ಈ ವೇಗಗಳ ನಡುವಿನ ಸಂದಿನಲ್ಲಿ. ರಕ್ತ ಎರಡು ವಾರದಲ್ಲಿ ಮರಳಿ ಬಂತು, ಉಸಿರು ಹಗುರಾಯಿತು, ಸ್ನಾಯು ಹುರುಪಿನಿಂದ ಎಳೆಯುತ್ತದೆ. ಎಳೆತವನ್ನು ತಾಳುವ ಹಗ್ಗ ಇನ್ನೂ ಸಿದ್ಧವಿಲ್ಲ, ಸಿದ್ಧವಿಲ್ಲವೆಂದು ಹೇಳುವ ಎದೆಬಡಿತವೂ ಅದಕ್ಕಿಲ್ಲ.

ಐದು ಸುತ್ತು ಮುಗಿಸಿದಾಗ ನಾನು ಇಪ್ಪತ್ತಾರನೆಯವನು. ಕಣದಂಚಿನ ಕಟ್ಟೆಯ ಮೇಲೆ ಕೂತು ತೋಟದವರು ಕೊಟ್ಟ ಬೆಲ್ಲದ ಕಾಫಿ ಕುಡಿಯುತ್ತಿದ್ದೆ. ಬಲಗಾಲಿನ ಶೂ ಬಿಚ್ಚಿ ಹಿಮ್ಮಡಿಯ ಹಿಂಭಾಗವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದೆ. ಸ್ವಲ್ಪ ದಪ್ಪಗಾಗಿತ್ತು, ಒತ್ತಿದರೆ ನೋಯುತ್ತಿತ್ತು. ಆ ಹುಡುಗ ಮಣ್ಣು ಮೆತ್ತಿದ ಮುಖದಲ್ಲೇ ಬಂದು ಪಕ್ಕದಲ್ಲಿ ಕೂತ. ‘ಅಣ್ಣಾ, ಇಳಿಜಾರಲ್ಲಿ ನಿಮ್ಮ ಹಿಂದೇನೇ ಇದ್ದೆ, ನಿಮ್ಮ ಲೈನ್ ನೋಡ್ಕೊಂಡು ಇಳಿದೆ. ಜನವರಿ ಕೊನೇಲಿ ಇನ್ನೊಂದು ರೇಸ್ ಇದೆ, ಬರ್ತೀರಲ್ಲ?’

‘ಎದೆ ಆಗ್ಲೇ ರೆಡಿ ಆಗಿರುತ್ತೆ’ ಅಂದೆ, ಹಿಮ್ಮಡಿಯಿಂದ ಬೆರಳು ತೆಗೆಯದೆ. ‘ಇದು ಏಪ್ರಿಲ್ ಅನ್ನುತ್ತೆ. ಏಪ್ರಿಲ್‌ಗೆ ಬರ್ತೀನಿ.’